ನೋಡಲು ಹೋದ ಕೋಣೆಯಲ್ಲಿ ಚಹಾ

‘ಮ್ಯಾಲಿನ ರೂಮು ಖಾಲಿ ಆಗೂದೈತಿ, ಬರ್ರಿ, ನೋಡ್ರಿ’ ಎನ್ನುತ್ತ ಮನೆ ಮಾಲೀಕರು ಮೆಟ್ಟಿಲು ಹತ್ತಿಸಿ ಬಾಗಿಲು ತಳ್ಳಿದರು. ಒಳಗೆ ಹೆಂಗಸೊಬ್ಬರು ರೊಟ್ಟಿ ಬಡಿಯುತ್ತಿದ್ದರು.

ಕೊಪ್ಪಳದ ಹೊರಬಡಾವಣೆಗಳಲ್ಲಿ ಒಂದೇ ಒಂದು ಕೋಣೆಗಾಗಿ ಬೆಳಗಿನಿಂದ ಅಲೆದು ನನಗೆ ಸಾಕಾಗಿಹೋಗಿತ್ತು. ಒಬ್ಬಂಟಿ ಹೆಂಗಸು ಎಂದರೆ ಯಾರೂ ಕೊಡುತ್ತಿರಲಿಲ್ಲ. ಫೋನ್ ಬಂತೆಂದು ಮಾಲೀಕರು ಕೆಳಗಿಳಿದರು. ರೊಟ್ಟಿ ಬಡಿಯುತ್ತಿದ್ದಾಕೆ ನನ್ನನ್ನು ಮಾಲೀಕರ ಮನೆಯ ಬೀಗರೆಂದೇ ತಿಳಿದು, ಕೈ ತೊಳೆದು, ಕುರ್ಚಿ ಒರೆಸಿದರು. ‘ಬಿಸಲಾಗ ಬಂದೀರಿ, ಕೂಡ್ರಿ. ಒಂದೀಟು ಚಾ ಮಾಡ್ತೀನಿ.’

ಕುಡಿದು ಲೋಟ ಇಡುತ್ತ, ‘ರೂಮು ಯಾವಾಗ ಬಿಡ್ತೀರಿ?’ ಎಂದು ಕೇಳಿಬಿಟ್ಟೆ.

ಆಕೆ ನನ್ನನ್ನು ನೋಡಿದರು, ಮೊಳೆಗೆ ತೂಗುಹಾಕಿದ್ದ ಮಗಳ ಶಾಲೆಯ ಚೀಲ ನೋಡಿದರು. ‘ನಮಗ ಬಿಡ್ರಿ ಅಂತ ಯಾರೂ ಅಂದಿಲ್ಲಲ್ರೀ...’

ಕೆಳಗಿಳಿದು ಮಾಲೀಕರಿಗೆ ಕೋಣೆ ಬೇಡವೆಂದೆ. ಬಸ್ಸಿಗೂ ಕಾಯದೆ ನಡೆದುಬಿಟ್ಟೆ. ಆಕೆಯನ್ನು ಅಲ್ಲಿ ಉಳಿಸಿದರೋ ಇಲ್ಲವೋ, ಗೊತ್ತಿಲ್ಲ.

ಈಗ ಭಾಗ್ಯನಗರದಲ್ಲಿ ಒಂದು ಕೋಣೆ ಸಿಕ್ಕಿದೆ. ಇಲ್ಲಿನ ಮಾಲೀಕರು ಹೊಸಬರನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರೆ, ‘ಬರ್ರಿ, ಕೂಡ್ರಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ.