ಓಡಿಸಲು ಬಾರದ ಮೆಕ್ಯಾನಿಕ್

ನಮ್ಮ ದೊಡ್ಡಪ್ಪ ಮೂವತ್ತೆಂಟು ವರ್ಷ ಹಳೆಯ ಕಾರುಗಳ ಎಂಜಿನ್ ರಿಪೇರಿ ಮಾಡಿದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದು ದೊಡ್ಡಮ್ಮನಿಗೆ ಮಾತ್ರ ಗೊತ್ತಿತ್ತು. ಗುಟ್ಟು ಹೊರಗೆ ಬಿದ್ದರೆ ಗ್ಯಾರೇಜಿಗೆ ಬೀಗ ಎಂದು ಇಬ್ಬರೂ ನಂಬಿದ್ದರು.

ಇಪ್ಪತ್ತನೆಯ ವಯಸ್ಸಿನಲ್ಲಿ ಒಮ್ಮೆ ಸ್ಟೀರಿಂಗ್ ಹಿಡಿದಿದ್ದರಂತೆ. ಮುಂದೆ ಹೋಗಬೇಕಾದ ಕಾರು ಹಿಂದೆ ಹೋಗಿ ಮಾಲೀಕರ ಅಡುಗೆಮನೆ ಸೇರಿತು. ಆಮೇಲೆ ಕಲಿಯಲು ಪುರುಸೊತ್ತಾಗಲಿಲ್ಲ.

ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಿದರೆ ಸಾಕು, ಎಂಜಿನ್ನಿನ ಒಳಗಿನ ಸಮಾಚಾರವನ್ನೆಲ್ಲ ಹೇಳುತ್ತಿದ್ದರು. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಬಿಸಿ ಹೆಚ್ಚು, ಬಿಸ್ಕತ್ತಿನ ಬಣ್ಣವಿದ್ದರೆ ಮಾತಾಡುವಂತಿಲ್ಲ. ಕಷ್ಟವಿದ್ದದ್ದು ಟೈಮಿಂಗ್‌ನಲ್ಲಿ. ಕಿಡಿ ತುಸು ಬೇಗ ಹಾರಿದರೆ ಎಂಜಿನ್ ತಗಡಿನ ಡಬ್ಬದಲ್ಲಿ ಹರಳು ಕುಲುಕಿದಂತೆ ಕಟಕಟ ಎನ್ನುತ್ತದೆ. ತಡವಾದರೆ ಸದ್ದಿಲ್ಲ, ಶಕ್ತಿಯೂ ಇಲ್ಲ. ಪೆಟ್ರೋಲಿನ ಆಕ್ಟೇನ್, ಎಂದರೆ ಕಿಡಿಗೆ ಮೊದಲೇ ತಾನಾಗಿ ಹೊತ್ತಿಕೊಳ್ಳದ ಗುಣ, ಕಡಿಮೆಯಿದ್ದಷ್ಟೂ ಕಟಕಟ ಜಾಸ್ತಿ. ನಿಂತ ಕಾರಿನಲ್ಲಿ ಇದು ಕೇಳಿಸದು. ಟಾಪ್ ಗೇರಿನಲ್ಲಿ ಏರು ಹತ್ತಿಸಬೇಕು.

"ನಿಮ್ಮ ಕಾರು ನಿಮ್ಮ ಕಾಲಿಗೆ ಒಗ್ಗಿರುತ್ತೆ. ನೀವೇ ಓಡ್ಸಿ, ನಾನು ಪಕ್ಕದಲ್ಲಿ ಕೂತು ಕೇಳ್ತೀನಿ," ಎನ್ನುತ್ತಿದ್ದರು ದೊಡ್ಡಪ್ಪ. ಗಿರಾಕಿಗಳು ಇದನ್ನು ದೊಡ್ಡ ಶಿಸ್ತೆಂದು ತಿಳಿದರು. ಪಕ್ಕದ ಬೀದಿಯ ಇಬ್ಬರು ಮೆಕ್ಯಾನಿಕ್‌ಗಳು ಇದೇ ಪದ್ಧತಿ ಶುರು ಮಾಡಿದರು.

ಹೀಗಿರುವಾಗ ಒಂದು ದಿನ ನರ್ಸಮ್ಮ ಮನೆಗೆ ಬರಲು ಹೇಳಿ ಕಳಿಸಿದರು. ಮೂವತ್ತು ವರ್ಷ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದ್ದ ಅವರ ಕಾರಿಗೆ ಅಂದು ಮಧ್ಯಾಹ್ನ ಮೂರಕ್ಕೆ ಸಾರಿಗೆ ಕಚೇರಿಯಲ್ಲಿ ತಪಾಸಣೆ. ಅದೇ ಕೊನೆಯ ದಿನ. ಅವರ ತಮ್ಮ ಎಲ್ಲಿಂದಲೋ ಅಗ್ಗದ ಪೆಟ್ರೋಲ್ ತುಂಬಿಸಿ ತಂದಮೇಲೆ ಕಾರು ಕಟಕಟ ಎನ್ನುತ್ತಿತ್ತು. ನರ್ಸಮ್ಮ ಬಚ್ಚಲಲ್ಲಿ ಜಾರಿದ್ದರು, ಎಡಗಾಲಿಗೆ ಪ್ಲಾಸ್ಟರ್.

"ನೀನೇ ಒಯ್ದು ಸರಿ ಮಾಡಿ, ಹಂಗೇ ಆಫೀಸಲ್ಲಿ ತೋರ್ಸ್ಕೊಂಡು ಬಂದ್ಬಿಡಪ್ಪ."

"ಅದು ನಿಮ್ಮ ಕಾಲಿಗೆ ಒಗ್ಗಿರೋ ಕಾರು, ಅಮ್ಮ."

"ಕಾಲು ಎಲ್ಲಿದೆ ನೋಡು."

ದೊಡ್ಡಪ್ಪ ನೋಡಿದರು. ಸ್ಟೂಲಿನ ಮೇಲಿತ್ತು.

"ಇವತ್ತು ಆಗ್ಲಿಲ್ಲಾಂದ್ರೆ ಗುಜರಿಗೆ ಹೋಗುತ್ತೆ."

"ಬಲಗಾಲು ಚೆನ್ನಾಗಿದೆಯಲ್ಲ?"

"ಕ್ಲಚ್ ಯಾರು ಒತ್ತೋದು, ನಿನ್ನ ಹೆಂಡ್ತಿನಾ?"

"ನಾನು ಒತ್ತುತೀನಿ."

ನೆಲ ಒರೆಸುವ ಕೋಲಿನ ತುದಿಗೆ ರಬ್ಬರ್ ಸುತ್ತಿ, ನರ್ಸಮ್ಮನ ಪ್ಲಾಸ್ಟರ್ ಕಾಲನ್ನು ದಿಂಬಿನ ಸಮೇತ ತೊಡೆಯ ಮೇಲಿಟ್ಟುಕೊಂಡು ದೊಡ್ಡಪ್ಪ ಪಕ್ಕದಲ್ಲಿ ಕೂತರು. ನರ್ಸಮ್ಮ "ಒತ್ತು" ಎಂದಾಗ ಕೋಲಿನಿಂದ ಕ್ಲಚ್ ಒತ್ತಿದರು, "ಬಿಡು" ಎಂದಾಗ ಬಿಟ್ಟರು.

"ನಿಧಾನಕ್ಕೆ ಬಿಡೋ. ಸದ್ಯ, ಹೆರಿಗೆಗೆ ನಿನ್ನನ್ನ ಯಾರೂ ಕರೀಲಿಲ್ಲ."

ಮೊದಲ ಸಲ ಏರಿನಲ್ಲಿ ಕಟಕಟ ಜೋರಾಗಿತ್ತು. ದೊಡ್ಡಪ್ಪ ಬಾನೆಟ್ ಎತ್ತಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದರು. ಎರಡನೆಯ ಸಲ ಸದ್ದಿಲ್ಲ, ಆದರೆ ಕಾರು ಏದುಸಿರು ಬಿಟ್ಟಿತು. ಅರ್ಧದಷ್ಟು ಹಿಂದಕ್ಕೆ ತಿರುಗಿಸಿದರು. ಮೂರನೆಯ ಸಲ ಎರಡೇ ಎರಡು ಕಟಕಟ, ಆಮೇಲೆ ಮೌನ.

"ಇಷ್ಟೇ ಇರ್ಬೇಕು," ಎಂದರು.

ತಪಾಸಣೆ ಅಧಿಕಾರಿ ಎಂಜಿನ್ ಸದ್ದು ಕೇಳಿ ತಲೆದೂಗಿದರು. "ಅಂಗಳದಲ್ಲಿ ಒಂದು ಸುತ್ತು ಹಾಕ್ಸಿ. ಅಮ್ಮ ಬೇಡ, ಪ್ಲಾಸ್ಟರ್ ಇದೆ. ಅದ್ಸರಿ, ಇಲ್ಲಿಗೆ ಹೇಗೆ ಬಂದ್ರಿ?"

"ಬಂದ್ವಿ," ಎಂದರು ನರ್ಸಮ್ಮ.

"ಸರಿ, ಮೆಕ್ಯಾನಿಕ್ ಹಾಕ್ಲಿ."

ಸಾಲಿನಲ್ಲಿ ಹತ್ತು ಜನರಿದ್ದರು. ಅವರಲ್ಲಿ ಮೂವರು ದೊಡ್ಡಪ್ಪನ ಗಿರಾಕಿಗಳು. ದೊಡ್ಡಪ್ಪ ಅವರನ್ನು ನೋಡಿದರು, ಕಾರನ್ನು ನೋಡಿದರು.

"ನಂಗೆ ಬರಲ್ಲ ಸಾರ್."

"ಈ ಮಾಡಲ್ ಬರಲ್ವಾ?"

"ಯಾವ ಮಾಡಲ್ಲೂ ಬರಲ್ಲ."

ಯಾರೂ ನಗಲಿಲ್ಲ. ನಂಬಿದ್ದರೆ ನಗುತ್ತಿದ್ದರೇನೋ.

"ಮೊದ್ಲೇ ಹೇಳಿದ್ರೆ ಎದುರುಮನೆ ಡ್ರೈವರ್‌ನ ಕರೀತಿದ್ನಲ್ಲೋ," ಎಂದರು ನರ್ಸಮ್ಮ.

ಕೊನೆಗೆ ಅಧಿಕಾರಿಯೇ ಹತ್ತಿ ಕೂತರು. ಎರಡು ನಿಮಿಷ ಅತ್ತಿತ್ತ ತಡಕಾಡಿ, "ಗೇರ್ ಎಲ್ಲಿದೆ?" ಎಂದು ಕೇಳಿದರು.

"ಸ್ಟೀರಿಂಗ್ ಕೆಳಗೆ ಸಾರ್. ನಿಮ್ಮ ಕಡೆಗೆ ಎಳೆದು ಕೆಳಗೆ ಮಾಡಿ. ಕ್ಲಚ್ ನಿಧಾನಕ್ಕೆ ಬಿಡಿ," ಎಂದರು ದೊಡ್ಡಪ್ಪ ಕಿಟಕಿಯಲ್ಲಿ ತಲೆ ಹಾಕಿ. ಕಾರಿನ ಜೊತೆಯಲ್ಲೇ ನಡೆಯುತ್ತ ಒಂದಿಡೀ ಸುತ್ತು ಹೇಳಿಕೊಟ್ಟರು.

ಮುದ್ರೆ ಬಿತ್ತು. ಪತ್ರ ಕೊಡುವಾಗ ಅಧಿಕಾರಿ ದನಿ ತಗ್ಗಿಸಿ, "ನಮ್ಮ ಮಾವನ ಹತ್ರಾನೂ ಒಂದು ಹಳೇ ಕಾರಿದೆ. ಏರಲ್ಲಿ ಇದೇ ಥರ ಕಟಕಟ. ಭಾನುವಾರ ತರ್ಲಾ?" ಎಂದರು.

ಮೂವರು ಗಿರಾಕಿಗಳೂ ಕಿವಿಗೊಟ್ಟಿದ್ದರು.

"ತನ್ನಿ," ಎಂದರು ದೊಡ್ಡಪ್ಪ, ಎಲ್ಲರಿಗೂ ಕೇಳುವಂತೆ. "ಓಡ್ಸೋರನ್ನೂ ಕರ್ಕೊಂಡು ಬನ್ನಿ."