ಎಮ್ಮಿ ಅಂದವರಿಗೆ ಚಾ ಇಲ್ಲ

ಚುರ್ರ್, ಚುರ್ರ್. ಖಾಲಿ ಚರಿಗೆಯ ತಳಕ್ಕೆ ಹಾಲಿನ ಮೊದಲ ಧಾರೆಗಳು ಬೀಳುವುದು ಹೀಗೆ. ನೊರೆ ಏರಿದಂತೆ ಸದ್ದು ಮೆತ್ತಗಾಗುತ್ತದೆ. ಶಲವಡಿ ಊರಿನ ಆ ಓಣಿಯಲ್ಲಿ ಈ ಸದ್ದು ಕೇಳಿದ ಮೇಲೆಯೇ ಒಲೆಗಳ ಮೇಲೆ ಚಹಾದ ನೀರು ಏರುವುದು. ಹಿಂಡುವವಳು ರೇವವ್ವ. ಹಿಂಡಿಸಿಕೊಳ್ಳುವವಳು ತುಂಗಿ ಎಂಬ ಎಮ್ಮೆ.

ರೇವವ್ವ ಮದುವೆಯಾಗಿ ಬರುವಾಗ ತವರಿನಿಂದ ತುಂಗಿಯ ಮುತ್ತಜ್ಜಿಯನ್ನು ಹೊಡೆದುಕೊಂಡು ಬಂದಿದ್ದಳು. ಬೇಸಿಗೆಯಲ್ಲಿ ತಾನು ನೀರು ಕುಡಿಯುವ ಮೊದಲು ತುಂಗಿಯ ಬೆನ್ನಿಗೆ ಒಂದು ಕೊಡ ಸುರಿಯುತ್ತಾಳೆ. ಯಾರಾದರೂ ಗಂಡ ಹೊಳೆಪ್ಪನನ್ನು ಬೈದರೆ ನಗುತ್ತಾಳೆ. ತುಂಗಿಯನ್ನು ಬೈದರೆ ಮಾತು ಬಿಡುತ್ತಾಳೆ.

ಹೊಳೆಪ್ಪನಿಗೋ ನಿಧಾನವಾದದ್ದೆಲ್ಲ ಎಮ್ಮಿ. ತಡವಾಗಿ ಬಂದ ನವಲಗುಂದದ ಬಸ್ಸು ಎಮ್ಮಿ, ಹಿಟ್ಟಿನ ಗಿರಣಿಯವನು ಎಮ್ಮಿ. ಮೊನ್ನೆ ಬೆಳಿಗ್ಗೆ ಮೊಬೈಲಿನಲ್ಲಿ ಕುಸ್ತಿಯ ವಿಡಿಯೋ ಪಟ್ಟು ಹಾಕುವ ಹೊತ್ತಿಗೇ ನಿಂತುಬಿಟ್ಟಿತು. “ಥೂ, ಎಮ್ಮಿ ಫೋನು,” ಎಂದು ಅವನು ಅದನ್ನು ಹಾಸಿಗೆಯ ಮೇಲೆ ಎಸೆದ.

ರೇವವ್ವ ಅವನ ಮುಂದೆ ಲೋಟ ಇಟ್ಟಳು. ಚಹಾ ಕರ್ರಗಿತ್ತು.

“ಹಾಲೆಲ್ಲೇತಿ?”

“ಎಮ್ಮಿ ಅಂದ ಬಾಯಿಗೆ ಎಮ್ಮಿ ಹಾಲು ಯಾಕ್ರಿ? ಫೋನ್ ಹಿಂಡ್ಕೋರಿ.”

“ಲೇ, ನಾ ಹುಟ್ಟಿಸಿದ ಮಾತಲ್ಲ ಅದು. ನಮ್ಮಪ್ಪ ನನಗ ಅಂತಿದ್ದ. ಅವರಪ್ಪ ಅವಗ ಅಂತಿದ್ದ. ಬಸ್ಸಿನಂವಾ ಎಷ್ಟ ಹಾರ್ನ್ ಹೊಡದ್ರೂ ನಡು ರಸ್ತೆದಾಗಿಂದ ಏಳೂದಿಲ್ಲ, ಅದಕ್ಕ ಬಂದ ಮಾತು.”

“ನಿಮ್ಮಜ್ಜನ ಕಾಲಕ್ಕ ಈ ಊರಿಗೆ ಬಸ್ಸು ಎಲ್ಲಿತ್ರಿ?”

ಹೊಳೆಪ್ಪ ಒಂದು ಗುಟುಕು ಕುಡಿದು ಮುಖ ಕಿವಿಚಿದ.

“ಮೊದಲ ಆ ಮಾತು ಆಡಿದಂವಗ ಹಿಂಡಾಕ ಬರ್ತಿದ್ದಿಲ್ಲ,” ಎಂದಳು ರೇವವ್ವ. “ಆಕಿ ಹಾಲು ಬಿಡೂತನಾ ಕೂಡೂ ತಾಳ್ಮಿ ಇದ್ದಿದ್ದಿಲ್ಲ. ಸಿಟ್ಟಿಗೆ ಬೈದ. ನೀವೆಲ್ಲ ಅದನ್ನ ಹಿಡಕೊಂಡ್ರಿ.”

ಮರುದಿನವೂ ಕರಿ ಚಹಾ. ಸಂಜೆ ಹೊಳೆಪ್ಪ ತಾನೇ ಹಿಂಡಲು ಹೊರಟ. ತುಂಗಿ ರೇವವ್ವನ ಕೈಗಲ್ಲದೆ ಹಾಲು ಬಿಡುವವಳಲ್ಲ. ಅಂಥ ಎಮ್ಮೆಗೆ ಊರಲ್ಲಿ ಇರುವುದು ಒಂದೇ ಉಪಾಯ: ಒಡತಿಯ ಸೀರೆ ಉಟ್ಟು ಕೂಡುವುದು. ಹೊಳೆಪ್ಪ ಧೋತರದ ಮೇಲೆ ಹೆಂಡತಿಯ ದಿನಬಳಕೆಯ ಸೀರೆ ಸುತ್ತಿಕೊಂಡು, ಮೀಸೆ ಮುಚ್ಚುವಂತೆ ಸೆರಗು ಹೊದ್ದು ಕೂತ. ಗೋಡೆಯಾಚೆ ಕೋಳಿಗಳಿಗೆ ಕಾಳು ಹಾಕುತ್ತಿದ್ದ ಪಕ್ಕದ ಮನೆಯ ರೇಷ್ಮಾಬಿಯ ಕೈ ಅಲ್ಲೇ ನಿಂತಿತು. ರೇವವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

ತುಂಗಿ ಸೀರೆ ಮೂಸಿದಳು. ಕೆಚ್ಚಲು ತುಂಬಿ ಬಂತು. ಚುರ್ರ್ ಎಂದು ಒಂದು ಧಾರೆ ಬಿತ್ತು. ಅಷ್ಟರಲ್ಲಿ ನೊಣ ಓಡಿಸಲು ಬೀಸಿದ ಸಗಣಿ ಮೆತ್ತಿದ ಬಾಲ ಹೊಳೆಪ್ಪನ ಬಾಯಿಗೇ ಬಡಿಯಿತು.

“ಸರಿ ಅತ್ತಾಗ, ಎಮ್ಮಿ.”

ತುಂಗಿ ಹಾಲು ಏರಿಸಿಕೊಂಡಳು. ಎಷ್ಟು ಎಳೆದರೂ ಹನಿಯಿಲ್ಲ.

“ಎಮ್ಮಿಗೆ ಎಮ್ಮಿ ಅಂದ್ರ ಬೈದಂಗೇನ?” ಹೊಳೆಪ್ಪ ಸೆರಗು ಸರಿಸಿ ಕೇಳಿದ.

“ಆಕಿನ್ನ ಕೇಳ್ರಿ.”

ಅವನು ತಳವೂ ಮುಚ್ಚದ ಚರಿಗೆಯೊಳಗೆ ನೋಡಿದ. ಹಾಲು ಬಿದ್ದ ಚಹಾದ ಬಣ್ಣ ಕಣ್ಣಿಗೆ ಕಟ್ಟಿತು. ಎದ್ದು ತುಂಗಿಯ ಹಣೆ ತುರಿಸಿದ. “ತಪ್ಪಾತವ್ವ. ಇನ್ನ ಯಾರಿಗೂ ಹಂಗ ಅನ್ನೂದಿಲ್ಲ.” ತುಂಗಿ ಮೆಲುಕು ಹಾಕುತ್ತ ಯೋಚಿಸತೊಡಗಿದಳು.

ಕಟ್ಟೆಗೆ ಬಂದು ಕೂತ ಮೇಲೆ ಅವನಿಗೆ ಬೇರೆ ಚಿಂತೆ ಹತ್ತಿತು. “ಮತ್ತ ಫೋನಿಗೆ ಏನಂತ ಬೈಲಿ? ಕತ್ತಿ ಅನ್ಲ್ಯಾ?”

“ಕತ್ತಿ ಸಾಕಿದ ಭೀಮಶಿ ಮೂಲಿ ಮನ್ಯಾಗ ಅದಾನ್ರಿ ಕಾಕಾ,” ಎಂದಳು ಗೋಡೆಯಾಚೆಯಿಂದ ರೇಷ್ಮಾಬಿ.

“ಕುರಿ?”

“ಕುರಿ ಕಾಯೂ ಕನಕಪ್ಪ ಕೇಳಿಸ್ಕೊಂಡ್ರ ಕೋಲು ತಗೊಂಡು ಬರ್ತಾನ.”

“ಕೋಳಿ?”

“ಕೋಳಿ ನನ್ನವು.”

ರೇವವ್ವ ಅವನ ಕೈಯಿಂದ ಚರಿಗೆ ಇಸಿದುಕೊಂಡಳು. ಹೊಳೆಪ್ಪ ಇನ್ನೂ ಸೀರೆಯಲ್ಲೇ ಇದ್ದ.

“ನೀನರ ಹೇಳ. ಮನಶ್ಯಾಗ ಬೈಯಾಕ ಒಂದು ಪ್ರಾಣಿ ಬೇಕೋ ಬ್ಯಾಡೋ? ಈ ಓಣ್ಯಾಗ ಯಾರೂ ಸಾಕದಂಥಾದ್ದು ಒಂದು—”

ರೇವವ್ವ ಆಗಲೇ ಚರಿಗೆ ಹಿಡಿದು ತುಂಗಿಯ ಕಡೆ ನಡೆದಿದ್ದಳು.