ಅಂಜನದ ಕಪ್ಪು, ಶುಕ್ರವಾರದ ರಾತ್ರಿ

ನಿವೃತ್ತಿಗೆ ಮುನ್ನ ನನ್ನ ಕೆಲಸ ಹಸ್ತಪ್ರತಿಗಳ ಕಾಲನಿರ್ಣಯ. ಅವುಗಳಲ್ಲಿ ಹೆಚ್ಚಿನವು ಮೂರು ನಾಲ್ಕು ಶತಮಾನಗಳ ಹಿಂದೆ ಯುರೋಪಿನಲ್ಲಿ ಬರೆದ ಮಂತ್ರಪ್ರಯೋಗದ ಪುಸ್ತಕಗಳು: ಸ್ಫಟಿಕದ ಗುಂಡನ್ನು ಒರೆಸಿ, ಇಂಥ ವಾರ ಇಂಥ ಹೊತ್ತಿನಲ್ಲಿ ದೇವತೆಯನ್ನು ಕರೆದು, ಕಳವಾದ ವಸ್ತು ಎಲ್ಲಿದೆ ಎಂದು ಅದರೊಳಗೆ ನೋಡುವ ಕ್ರಮ. ನಮ್ಮಲ್ಲಿ ವೀಳ್ಯದೆಲೆಗೆ ಕಪ್ಪು ಸವರಿ ಅಂಜನ ಹಾಕಿ ನೋಡುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಅವರು ಸ್ಫಟಿಕದಲ್ಲಿ ಏನು ಕಂಡರೆಂಬುದು ನನ್ನ ವಿಷಯವಾಗಿರಲಿಲ್ಲ. ಯಾವ ದಿನ ಕಂಡರೆಂಬುದಷ್ಟೇ ನನಗೆ ಬೇಕಿತ್ತು.

ಈಗ ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಪಕ್ಕದ ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ದಂಪತಿ; ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಕಳೆದ ಚಳಿಗಾಲದ ಒಂದು ಭಾನುವಾರ ಆಕೆ ನಮ್ಮ ಬಾಗಿಲಿಗೆ ಬಂದರು.

"ಸರ್, ನೀವು ಅಂಜನದ ಬಗ್ಗೆ ಓದಿದವರಲ್ವಾ? ಅದರಲ್ಲಿ ಕಂಡದ್ದು ಸತ್ಯ ಆಗ್ತದಾ?"

ಆಕೆಯ ಕರಿಮಣಿ ಸರ ಕಾಣೆಯಾಗಿತ್ತು. ಗುರುವಾರ ಸಂಜೆ ನೈಟ್ ಡ್ಯೂಟಿಗೆ ಹೋಗುವಾಗ ಕಳಚಿ, ಅಡುಗೆಮನೆಯ ಕಿಟಕಿಯ ಬಳಿ ತಟ್ಟೆಯಲ್ಲಿ ಇಟ್ಟದ್ದು. ಶುಕ್ರವಾರ ಬೆಳಿಗ್ಗೆ ಮರಳಿ, ನಿದ್ದೆ ಮುಗಿಸಿ, ಮಧ್ಯಾಹ್ನ ಗಂಡನೊಡನೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ತಂಗಿಯ ಮನೆಗೆ ಹೋಗಿದ್ದರು. ಶನಿವಾರ ಬಂದಾಗ ತಟ್ಟೆ ಬರಿದು. ಸಂಜೆ ಅಡುಗೆಗೆ ಬರುವ ಹೆಂಗಸನ್ನು ಕೇಳಿದರೆ, "ಶುಕ್ರವಾರ ರಾತ್ರಿ ನಾನು ನೋಡಿದ್ದೇನಲ್ಲಾ, ಅಲ್ಲೇ ಇತ್ತು" ಎಂದಳಂತೆ. ಶುಕ್ರವಾರ ರಾತ್ರಿ ಮನೆಗೆ ಬೀಗ. ಅವಳಿಗೆ ಅಂದು ರಜೆ. ಬೀಗದ ಇನ್ನೊಂದು ಕೀ ಮಾತ್ರ ಅವಳ ಬಳಿಯೇ ಇತ್ತು. ಅದನ್ನು ಕೂಡಲೇ ಹಿಂದಕ್ಕೆ ಪಡೆದಿದ್ದರು.

ಊರಿನ ಅಂಜನದವನಿಗೆ ವೀಡಿಯೊ ಕಾಲ್ ಕೂಡ ಹೋಗಿತ್ತು. ಎಲೆಯಲ್ಲಿ ಅವನಿಗೆ ಕಂಡದ್ದು ಕಪ್ಪು ಬಟ್ಟೆಯ ಹೆಂಗಸು. ಅಡುಗೆಯವಳು ಪುತ್ತೂರು ಕಡೆಯ ಬ್ಯಾರಿ. ಕಪ್ಪು ಬುರ್ಖಾ ಹಾಕುತ್ತಾಳೆ.

ಹಿಂದೆಯೇ ಬಂದ ಗಂಡ ನಕ್ಕರು. "ದುಬೈಯಲ್ಲಿ ಕಪ್ಪು ಬಟ್ಟೆಯ ಹೆಂಗಸಾ! ಹುಡುಕಿ ಮುಗಿಯುವಾಗ ನಮ್ಮ ವೀಸಾ ಖಲಾಸ್. ಈ ಅಂಜನದ ಸುದ್ದಿ ಹೊರಗೆ ಹೇಳ್ಬೇಡ ಮಾರಾಯ್ತಿ, ಇಲ್ಲಿ ಮಾಟಮಂತ್ರಕ್ಕೆ ಜೈಲುಂಟು."

"ನಿಮಗೆ ಎಲ್ಲ ತಮಾಷೆ. ನಾಳೆಯಿಂದ ಅವಳು ಬೇಡ. ಈ ಬಿಲ್ಡಿಂಗಿನ ಎಲ್ಲರಿಗೂ ಹೇಳ್ತೇನೆ."

ಆ ಹೆಂಗಸು ಇದೇ ಕಟ್ಟಡದ ನಾಲ್ಕಾರು ಮನೆಗಳ ಅಡುಗೆಯಿಂದ ಬದುಕುವವಳು. ಒಂದು ಮನೆಯಲ್ಲಿ ಕಳ್ಳಿ ಎನಿಸಿಕೊಂಡರೆ ಉಳಿದ ಬಾಗಿಲುಗಳೂ ಮುಚ್ಚುತ್ತವೆ. ಹೇಳುವ ಮೊದಲು ಅವಳನ್ನು ಒಮ್ಮೆ ನನ್ನೆದುರು ಕೇಳಿ ಎಂದೆ.

ಸಂಜೆ ಅವರ ಅಡುಗೆಮನೆಯಲ್ಲಿ ಸೇರಿದೆವು. ಅನುಮಾನವಿರುವ ತಾರೀಕನ್ನು ನೇರವಾಗಿ ಕೇಳಬಾರದು, ಅದರ ಹಿಂದುಮುಂದನ್ನು ಕೇಳಬೇಕು ಎಂಬುದು ನನ್ನ ವೃತ್ತಿಯ ರೂಢಿ.

"ಸರ ನೋಡಿದ ರಾತ್ರಿ ಏನು ಅಡುಗೆ ಮಾಡಿದ್ದೆ?"

"ಬಂಗುಡೆ ಪುಳಿಮುಂಚಿ. ಬೇಗ ಮುಗಿಸಿ ಓಡಿದ್ದು, ಶುಕ್ರವಾರ ರಾತ್ರಿ ಅಲ್ವಾ, ಕುರಾನಿನ ಯಾಸೀನ್ ಓದ್ಲಿಕ್ಕೆ ಉಂಟು."

"ಮರುದಿನ?"

"ಮರುದಿನ ಜುಮಾ. ನನಗೆ ರಜೆ."

ಗಂಡ ತಲೆಯೆತ್ತಿದರು. "ಏಯ್, ಬಂಗುಡೆ ತಿಂದದ್ದು ಗುರುವಾರ! ನೀನು ಡ್ಯೂಟಿಯಲ್ಲಿದ್ದಿ, ನಾನೊಬ್ಬನೇ ತಿಂದದ್ದು."

ಜುಮಾ ಎಂದರೆ ಶುಕ್ರವಾರದ ನಮಾಜು. ಅವಳ ಶುಕ್ರವಾರ ರಾತ್ರಿಯ ಮರುದಿನ ಶುಕ್ರವಾರ! ಇಸ್ಲಾಮೀ ಗಣನೆಯಲ್ಲಿ ದಿನ ಹುಟ್ಟುವುದು ಸೂರ್ಯಾಸ್ತಕ್ಕೆ. ರಾತ್ರಿ ಮೊದಲು, ಹಗಲು ಆಮೇಲೆ. ಅರಬ್ಬಿಯಿಂದ ಬಂದ ಮಂತ್ರಪ್ರಯೋಗಗಳನ್ನು ಓದುವಾಗ ಶುಕ್ರವಾರದ ರಾತ್ರಿ ಎಂದಿದ್ದರೆ ನಾನು ಗುರುವಾರದ ಸಂಜೆ ಎಂದೇ ಬರೆದುಕೊಳ್ಳುತ್ತಿದ್ದೆ. ಅದೇ ಲೆಕ್ಕವನ್ನು ಇಟ್ಟುಕೊಂಡು ಈ ಹೆಂಗಸು ಮಾತನಾಡುತ್ತಿದ್ದಳು.

ನಾನು ಅದನ್ನು ವಿವರಿಸಿದಾಗ ನರ್ಸ್ ಅವಳತ್ತ ತಿರುಗಿದರು. "ಗುರುವಾರ ಅಂತ ಹೇಳ್ಬಾರ್ದಿತ್ತಾ ನಿಂಗೆ?"

"ಸೂರ್ಯ ಮುಳುಗಿ ಮಗ್ರಿಬ್ ಕಳೆದ ಮೇಲೆ ಎಂತ ಗುರುವಾರ ಅಕ್ಕಾ?"

ತಾರೀಕು ಸಾಬೀತುಮಾಡುವುದು ತಾರೀಕನ್ನಷ್ಟೇ. ಬೀಗ ಹಾಕಿದ ಮನೆಯನ್ನು ಹೊಕ್ಕೆನೆಂದು ಅವಳು ಹೇಳಿರಲಿಲ್ಲ ಎಂದಾಯಿತು. ಸರ ಎಲ್ಲಿ ಹೋಯಿತೆಂದು ಆಗಲಿಲ್ಲ. ಅದನ್ನೂ ಹೇಳಿದೆ. ಸರ ಈವರೆಗೆ ಸಿಕ್ಕಿಲ್ಲ. ಹೊರಡುವಾಗ ಕೊರಳಲ್ಲೇ ಇತ್ತೇನೋ ಎಂದು ಅಬುಧಾಬಿಯ ಮನೆಯ ಸೋಫಾವನ್ನೂ ಬಿಚ್ಚಿ ನೋಡಿದ್ದಾರೆ.

ನರ್ಸ್ ಒಳಗೆ ಹೋಗಿ ಕೀ ತಂದು ಮೇಜಿನ ಮೇಲಿಟ್ಟು, "ನಾಳೆ ನನಗೆ ಡ್ಯೂಟಿ. ನೀನೇ ಬೀಗ ತೆಗೆದು ಬಾ" ಎಂದರು.

ಅಡುಗೆಯವಳು ಕೀ ಮುಟ್ಟಲಿಲ್ಲ. "ತೆಗೊಳ್ಳುವಾಗ ಕೈಯಿಂದ ತೆಗೊಂಡದ್ದು ಅಕ್ಕಾ. ಕೊಡುವಾಗಲೂ ಕೈಗೇ ಕೊಡಿ."

ನರ್ಸ್ ಕೀಯನ್ನು ಎತ್ತಿ ಅವಳ ಅಂಗೈಯಲ್ಲಿಟ್ಟರು.